ಮದುಮಗಳು ಎಲ್ಲಿ?

ಚಿತ್ರಕಲೆಯಲ್ಲಿ ನನ್ನ ಅಧಿಕಾರ ಗೋಡೆಗೆ ಮೊಳೆ ಹೊಡೆಯುವಷ್ಟಕ್ಕೆ ಸೀಮಿತ. ಬಹ್ರೇನ್‌ನ ಮಾಹೂಝ್ ಬಡಾವಣೆಯ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಅದಕ್ಕೂ ವಾಚ್‌ಮನ್ನನ ಒಪ್ಪಿಗೆ ಬೇಕು. ಹೀಗಿರುವಾಗ, ನಿವೃತ್ತನಾಗಿ ಊರಿಗೆ ಹೊರಟ ಬೆಲ್ಜಿಯಂನ ಸಹೋದ್ಯೋಗಿ ತನ್ನ ಮನೆಯಲ್ಲಿದ್ದ ಚಿತ್ರವೊಂದನ್ನು ನನ್ನ ಕೈಗಿತ್ತ. ಹದಿನೆಂಟನೇ ಶತಮಾನದಲ್ಲಿ ಅವನ ನಾಡಿನ ಫ್ಲೆಮಿಶ್ ಕಲಾವಿದನೊಬ್ಬ ಕಂದು ಶಾಯಿಯಲ್ಲಿ ಬರೆದ ರೇಖಾಚಿತ್ರದ ಪ್ರತಿ. ಗ್ರೀಕ್ ಪುರಾಣದ ಯುದ್ಧ ಅದು. ಮದುವೆಗೆ ಬಂದ ಅರ್ಧ ಮನುಷ್ಯ, ಅರ್ಧ ಕುದುರೆಯಾದ ನೆಂಟರು ಕುಡಿದು ಮದುಮಗಳನ್ನೇ ಎಳೆದೊಯ್ಯಲು ನೋಡುತ್ತಾರೆ. ವರನ ಕಡೆಯವರು ಕೈಗೆ ಸಿಕ್ಕ ಹೂಜಿ, ಬೆಂಚು ಎತ್ತಿ ಹೊಡೆಯುತ್ತಾರೆ.

"ಹಾಲ್‌ನಲ್ಲಿ ಯಾರಾದರೂ ಜಗಳ ನೇತುಹಾಕ್ತಾರಾ ಮಾರಾಯ್ರೆ?" ಎಂದಳು ಹೆಂಡತಿ ರಶ್ಮಿ. ನಾನು ಕಲೆಯ ಬಗ್ಗೆ ಗಂಭೀರವಾಗಿ ನಾಲ್ಕು ಮಾತಾಡಿದೆ. ಅವಳು ಅಡುಗೆಮನೆಗೆ ಹೋದಳು, ಚಿತ್ರ ಗೋಡೆಗೇರಿತು.

ಆಗ ಉಡುಪಿಯಿಂದ ಅತ್ತೆ ಬಂದು ಎರಡು ವಾರವಾಗಿತ್ತು. ಏಳು ವರ್ಷದ ನಮ್ಮ ಇಶಾಗೆ ಇಂಗ್ಲಿಷೇ ಸಲೀಸು, ಅಜ್ಜಿಗೆ ಅದು ಬಾರದು. ಅಜ್ಜಿ ಹತ್ತು ಮಾತಾಡಿದರೆ ಮಗು "ಹೂಂ" ಎಂದು ಕೋಣೆ ಸೇರುತ್ತಿತ್ತು. "ಇವಳಿಗೆ ನಾನು ಬಂದದ್ದೂ ಒಂದೇ, ಹೋದದ್ದೂ ಒಂದೇ" ಎಂದು ಅತ್ತೆ ಒಂದು ಸಂಜೆ ನಗುತ್ತಲೇ ಅಂದರು. ರಶ್ಮಿ ಮುಖ ತಿರುಗಿಸಿದಳು. ನನಗೂ ಊಟ ಸೇರಲಿಲ್ಲ.

ಮುಂದಿನ ಶುಕ್ರವಾರ ಅತ್ತೆ ಕನ್ನಡಕ ಏರಿಸಿಕೊಂಡು ಚಿತ್ರದ ಮುಂದೆ ನಿಂತರು. "ಇದು ಎಂತ ಗಲಾಟೆ?"

"ಮದುವೆ, ಅತ್ತೆ."

"ಮದುವೆಯಾ! ಮದುಮಗಳು ಎಲ್ಲಿ ಉಂಟು?"

ಕಲೆಯ ಬಗ್ಗೆ ಅಷ್ಟು ಮಾತಾಡಿದವನು ಮದುಮಗಳನ್ನು ನೋಡಿಯೇ ಇರಲಿಲ್ಲ. ನಾನು ತಡಬಡಿಸುವುದನ್ನು ಕಂಡು ಇಶಾ ಕುರ್ಚಿ ಎಳೆದು ಹತ್ತಿದಳು. ಬಾಲ, ಗೊರಸುಗಳ ನಡುವೆ ಹುಡುಕಿ ಕೂಗಿದಳು: "ಅಜ್ಜೀ, ಇಲ್ಲಿ! ಕುದುರೆ ಅಂಕಲ್ ಅವಳ ಹೇರ್ ಪುಲ್ ಮಾಡ್ತಿದ್ದಾನೆ!"

"ಅಯ್ಯೋ ಪಾಪ! ಅವಳ ಅಮ್ಮ ಎಲ್ಲಿ ಮಗಾ?"

ಅಮ್ಮನನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಮುಂದಿನ ದಿನಗಳಲ್ಲಿ ವರನ ಸೋದರಮಾವ, ಅಡುಗೆಯವರು ಎಲ್ಲರೂ ಪತ್ತೆಯಾದರು. ಶಾಲೆಯಿಂದ ಬಂದವಳೇ ಇಶಾ ಅಜ್ಜಿಯ ಕೈ ಹಿಡಿದು ಎಳೆಯುತ್ತಿದ್ದಳು. ಮಾತು ಸಿಗದಲ್ಲಿ ಬೆರಳು ತೋರಿಸುತ್ತಿದ್ದಳು, ಅಜ್ಜಿ ಪದ ಕೊಡುತ್ತಿದ್ದರು. ಚಿತ್ರದಲ್ಲಿ ಯಾರು ಅತ್ತೆ, ಯಾರು ಚಿಕ್ಕಮ್ಮ ಎಂಬ ವಾದಕ್ಕೆ ಕೊನೆಗೆ ರಶ್ಮಿಯೂ ಸೌಟು ಹಿಡಿದೇ ಬಂದಳು.

ಮೂರು ತಿಂಗಳು ಮುಗಿದು ಅತ್ತೆ ಹೊರಟ ದಿನ, ವಿಮಾನ ನಿಲ್ದಾಣದಲ್ಲಿ ಇಶಾ ಅವರ ಸೆರಗು ಬಿಡದೆ ಕೇಳಿದಳು: "ಅಜ್ಜಿ, ಆ ಮದುವೆ ಕಡೆಗೆ ಆಯಿತಾ?"

"ಆಗದೆ ಎಂತ? ಊಟ ಸ್ವಲ್ಪ ತಡವಾಯಿತು, ಅಷ್ಟೇ."

ಗ್ರೀಕರು ಏನು ಬರೆದಿಟ್ಟಿದ್ದಾರೋ, ನಾನು ತೆರೆದು ನೋಡಲು ಹೋಗಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಪಾಠವೇ ಅಧಿಕೃತ.