ಗಿರಣಿ ಬಾಗಿಲ ಮುದುಕಿ

ಅಪ್ಪು, ಚಿನ್ನಿ,

ಶಾಲೆಯಲ್ಲಿ ನಿಮಗೆ ಬೇರೆ ಹೆಸರು ಉಂಟು. ನನ್ನ ಬಾಯಿಗೆ ಬಂದದ್ದು ಇವು, ಹಾಗಾಗಿ ಕೈಗೂ ಇವೇ ಬಂದವು. ಇಬ್ಬರಿಗೂ ಸೇರಿಸಿ ಬರೆಯುವಾಗ ‘ನೀನು’ ಎಂದರೆ ಯಾರೆಂದು ಗಲಿಬಿಲಿ ಆದೀತು, ಅದಕ್ಕೆ ಹೆಸರು ಹಿಡಿದೇ ಬರೆಯುತ್ತೇನೆ. ನಾವು ಮನೆಯಲ್ಲಿ ಆಡುವುದು ತುಳು. ಆದರೆ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ನಾನು ಬರೆಯಲು ಕಲಿತದ್ದು ಕನ್ನಡ. ನಮ್ಮ ಮಾತುಗಳೆಲ್ಲ ಇಲ್ಲಿ ಕನ್ನಡವೇ ಆಗಿವೆ.

ಹೇಳಬೇಕಾದದ್ದು ಒಂದು ತಪ್ಪು. ಮಾಡಿದ್ದು ನಾನು, ಬೈಗುಳ ತಿಂದದ್ದು ಚಿನ್ನಿ. ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಎದುರು ಕೂತು ಹೇಳುವ ಧೈರ್ಯ ನನಗೆ ಯಾವತ್ತೂ ಇಲ್ಲ. ನಿಮ್ಮ ಅಜ್ಜ ಇದ್ದಾಗಲೂ ಮುಖ್ಯವಾದ ಮಾತಿದ್ದರೆ ಅವರಿಗೆ ಬೆನ್ನು ಹಾಕಿ, ಒಲೆಯ ಕಡೆ ನೋಡಿಕೊಂಡು ಹೇಳುತ್ತಿದ್ದೆ.

ಅಜ್ಜ ತೀರಿದ ಮೇಲೆ ನಾನು ವಾಮಂಜೂರಿನ ನಿಮ್ಮ ಮನೆಗೆ ಬಂದೆ. ನಿಮ್ಮಪ್ಪ ಗಲ್ಫಿನಲ್ಲಿ. ನಿಮ್ಮಮ್ಮ ಹಂಪನಕಟ್ಟೆಯ ಆಫೀಸಿನಿಂದ ಬರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಶಾಲೆ ಬಿಟ್ಟು ಬಂದ ಮೇಲೆ ನಿಮಗೆ ನಾನು, ನನಗೆ ನೀವು. ನಾನು ಬೀಡಿ ಕಟ್ಟಲು ಕೂತರೆ ನೀವಿಬ್ಬರೂ ಎಲೆ ಹರಡಿದ ಮೊರದ, ನಮ್ಮ ತಡ್ಪೆಯ, ಆಚೀಚೆ ಕೂರುತ್ತಿದ್ದಿರಿ. ನಾನು ಕತೆ ಹೇಳಬೇಕು, ನೀವು ಹೂಂಗುಟ್ಟಬೇಕು. ನನ್ನ ಅಮ್ಮನಿಂದ ಬಂದ ಕ್ರಮ ಅದು. ಬೀಡಿ ಕಟ್ಟುವವಳ ಕಣ್ಣು ಎಲೆಯ ಮೇಲೆ, ಹೊಗೆಸೊಪ್ಪಿನ ಮೇಲೆ. ಕೇಳುವವರ ಮುಖ ಅವಳಿಗೆ ಕಾಣುವುದಿಲ್ಲ. ‘ಹೂಂ’ ಬಂದರೆ ಮಾತ್ರ ಮುಂದಿನ ಮಾತು. ಬರದಿದ್ದರೆ ರಾಜಕುಮಾರ ಬಾವಿಯೊಳಗೆ ನೇತಾಡಿಕೊಂಡಿದ್ದರೂ ಕತೆ ಅಲ್ಲಿಯೇ ನಿಂತಿತು. ಹೂಂ ಕೇಳಿದರೆ ಸಾಕು, ಕೇಳುವ ಮಗುವಿಗೆ ಹೆದರಿಕೆ ಆಯಿತೋ, ನಿದ್ದೆ ಬಂತೋ, ಮುಂದಿನದು ಮೊದಲೇ ಗೊತ್ತುಂಟೋ ಎಂದು ತಿಳಿಯುತ್ತಿತ್ತು. ಹಾಗೆ ಕತೆಯನ್ನು ತಿರುಗಿಸುತ್ತಿದ್ದೆ.

ಅಪ್ಪು ಎಂಟನೇ ಕ್ಲಾಸು, ಚಿನ್ನಿ ಐದನೇ ಕ್ಲಾಸು ಇರುವಾಗ ನಿಮ್ಮಪ್ಪ ರಜೆಯಲ್ಲಿ ಬರುತ್ತ ಟಿವಿಗೆ ಸಿಕ್ಕಿಸುವ ಗೇಮಿನ ಪೆಟ್ಟಿಗೆ ತಂದರು. ಅದರಲ್ಲಿ ಅಪ್ಪು ಒಬ್ಬ ದಾರಿಹೋಕ. ಕಳೆದುಹೋದ ತಮ್ಮನನ್ನು ಹುಡುಕುತ್ತ ಊರೂರು ಅಲೆಯಬೇಕು. ಚಿತ್ರ ಚೆಂದವೇನೂ ಇರಲಿಲ್ಲ. ಮರಗಳು ರಟ್ಟಿನಲ್ಲಿ ಕತ್ತರಿಸಿಟ್ಟ ಹಾಗೆ, ಜನರ ಬೆರಳುಗಳು ಒಂದಕ್ಕೊಂದು ಅಂಟಿದ ಹಾಗೆ. ಆದರೆ ಸಿಕ್ಕಿದವರ ಹತ್ತಿರವೆಲ್ಲ ಮಾತಾಡಬಹುದು. ಅವರು ಏನೋ ಕೇಳುತ್ತಾರೆ, ಕೆಳಗೆ ಇಂಗ್ಲಿಷಿನಲ್ಲಿ ಮೂರು ಉತ್ತರ ಬರುತ್ತದೆ, ಒಂದನ್ನು ಆರಿಸಿ ಒತ್ತಬೇಕು. ಚಿನ್ನಿ ನನಗೆ ಓದಿ ಹೇಳುತ್ತಿದ್ದಳು.

“ಒಂದನೆಯದು ಒಳ್ಳೆ ಮಾತು ಅಜ್ಜಿ. ಎರಡನೆಯದು ಸುಮ್ಮನೆ ಮಾತು. ಮೂರನೆಯದು ಬೈಗುಳ.”

ಇಂಗ್ಲಿಷ್ ಬರದಿದ್ದರೂ ನನಗೆ ಅಂಕೆ ಬರುತ್ತದೆ. ಅಂಕೆ ನೋಡಿಯೇ ಅಲ್ಲವೇ ನಾನು ಬಸ್ಸು ಹತ್ತುವುದು.

ಆ ಗೇಮಿನಲ್ಲಿ ಅವಳಿದ್ದಳು. ಹೊಳೆ ಬದಿಯ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಕೂತು ನೂಲು ತೆಗೆಯುವ ಮುದುಕಿ. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು, ಹಲ್ಲು ಮಾತ್ರ ಒಂದೂ ಬಿದ್ದಿರಲಿಲ್ಲ. ಅಪ್ಪು ಯಾವ ಊರಿಗೆ ಹೋದರೂ ಸುತ್ತು ಬಳಸಿ ಅವಳ ಹತ್ತಿರ ಬರುತ್ತಿದ್ದ. ಅವಳು ಉಪ್ಪು ತರಲು ಹೇಳಿದರೆ ಗುಡ್ಡ ಹತ್ತಿ ಇಳಿದು ತರುತ್ತಿದ್ದ. ನಾನು ಅಂಗಡಿಯಿಂದ ಉಪ್ಪು ತಾ ಅಂದರೆ, “ಚಿನ್ನಿಗೆ ಹೇಳು.” ಮುದುಕಿ ನೆನಪಿಟ್ಟುಕೊಂಡು ಕೇಳುತ್ತಿದ್ದಳು: ಕಳೆದ ಸಲ ಕುಂಟುತ್ತ ಬಂದಿದ್ದೆ, ಕಾಲು ಹೇಗುಂಟು? ತಮ್ಮನ ಸುದ್ದಿ ಸಿಕ್ಕಿತಾ? ಅವನು ಮೂರು ಉತ್ತರವನ್ನೂ ಎರಡೆರಡು ಸಲ ಓದಿ, ತುಟಿ ಕಚ್ಚಿ, ಯೋಚಿಸಿ ಒತ್ತುತ್ತಿದ್ದ. ಒಮ್ಮೆ ಅವನ ಮೊಣಕಾಲು ನಿಜವಾಗಿಯೂ ಕೆತ್ತಿಹೋಗಿತ್ತು. ನಾನು ಎಣ್ಣೆ ಬಿಸಿ ಮಾಡಿಕೊಂಡು ಬಂದು, “ಕಾಲು ಹೇಗುಂಟು?” ಎಂದೆ. ಅವನು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ:

“ಅಜ್ಜಿ, ಒಂದು ನಿಮಿಷ ನಿಲ್ಲು. ಅಜ್ಜಿಯ ಹತ್ತಿರ ಮಾತಾಡ್ತಾ ಇದ್ದೇನೆ.”

ಎಣ್ಣೆ ತಣಿಯುವವರೆಗೆ ನಿಂತೆ. ಅವಳನ್ನು ಅವನು ಅಜ್ಜಿ ಎಂದದ್ದು ನನ್ನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅವನಿಗೆ ಗಂಜಿ ಬಡಿಸಿದವಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿದವಳು ನಾನು. ಅವಳು ಎಂತ ಮಾಡಿದ್ದಾಳೆ? ಕೂತಲ್ಲಿಂದ ಏಳಲೂ ಇಲ್ಲ. ತಡ್ಪೆಯ ಆಚೆ ಬದಿ ಖಾಲಿ. ಚಿನ್ನಿ ಒಬ್ಬಳೇ ಹೂಂಗುಟ್ಟುತ್ತಿದ್ದಳು, ಅದೂ ಅರ್ಧ ಕಿವಿ ಟಿವಿಯ ಕಡೆಗೆ.

ಒಂದು ಭಾನುವಾರ ಬೆಳಿಗ್ಗೆ ಅಪ್ಪು ಅವಳೊಂದಿಗೆ ಮಾತಿನ ನಡುವೆ ಇದ್ದ. ಪಕ್ಕದ ಮನೆಯ ದೋಸ್ತಿ ಗೇಟಿನಲ್ಲಿ ನಿಂತು ಕ್ರಿಕೆಟಿಗೆ ಕರೆದ. “ಬಂದೆ ಮಾರಾಯ” ಎನ್ನುತ್ತ, ಆಡುವ ರಿಮೋಟನ್ನು ಚಾಪೆಯ ಮೇಲೆ ಇಟ್ಟು ಓಡಿದ. ಚಿನ್ನಿ ಸ್ನಾನಕ್ಕೆ ಹೋಗಿದ್ದಳು, ನಿಮ್ಮಮ್ಮ ಮೀನು ತರಲು. ಮುದುಕಿ ನೂಲು ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು. ಕೆಳಗೆ ಒಂದು, ಎರಡು, ಮೂರು.

ನಾನು ರಿಮೋಟು ತೆಗೆದುಕೊಂಡೆ. ಅಪ್ಪು ಯಾವ ಗುಂಡಿ ಒತ್ತುತ್ತಾನೆಂದು ದಿನಾ ನೋಡುತ್ತಿದ್ದೆನಲ್ಲ. ಎರಡು ಸಲ ಕೆಳಗೆ ಸರಿಸಿದೆ, ಒಂದು ಸಲ ಒತ್ತಿದೆ. ಮೂರನೆಯದು.

ಅವಳು ಬೈಯಲಿಲ್ಲ. ನೂಲನ್ನು ಮಡಿಲಿಗೆ ಹಾಕಿಕೊಂಡಳು. ಆ ಗೇಮಿನಲ್ಲಿ ಮೊದಲ ಸಲ ಎದ್ದು ನಿಂತಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ರಿಮೋಟನ್ನು ಇದ್ದ ಹಾಗೆಯೇ ಚಾಪೆಯ ಮೇಲಿಟ್ಟು ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿದೆ. ಎರಡು ಕಾಯಿ ತುರಿದೆ, ಬೇಕಾದದ್ದು ಅರ್ಧ.

ಅಪ್ಪು ಬಂದು ಗೇಮಿನಲ್ಲಿ ಗಿರಣಿಯ ಬಾಗಿಲು ತಟ್ಟಿದ. ಒಳಗಿನಿಂದ ಬಂದ ಮಾತನ್ನು ತಲೆ ಒರೆಸಿಕೊಳ್ಳುತ್ತ ಬಂದ ಚಿನ್ನಿ ಓದಿದಳು: “ನಿನಗೆ ಈ ಮನೆಯಲ್ಲಿ ನೀರೂ ಇಲ್ಲ.”

“ನೀನೇ ಒತ್ತಿದ್ದು!” ಎಂದ ಅಪ್ಪು.

“ನಾನು ಬಚ್ಚಲಲ್ಲಿದ್ದೆ ಮಾರಾಯ! ದೇವರಾಣೆ!”

“ಮತ್ತೆ ಯಾರು, ಅಜ್ಜಿಯಾ?”

ಇಬ್ಬರೂ ನಕ್ಕಿರಿ. ನಾನು ತುರಿಯುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಅವನು ಅವಳ ಜಡೆ ಎಳೆದ, ಅವಳು ಅತ್ತಳು, ಮೂರು ದಿನ ಇಬ್ಬರಿಗೂ ಮಾತಿಲ್ಲ. ಆಡಿದ್ದನ್ನೆಲ್ಲ ಗೇಮು ತನ್ನಷ್ಟಕ್ಕೇ ಬರೆದಿಟ್ಟುಕೊಳ್ಳುತ್ತದಂತೆ, ಹಿಂದೆ ಹೋಗಲು ಆಗುವುದಿಲ್ಲವಂತೆ. ಅಪ್ಪು ಗಿರಣಿಯ ಬಾಗಿಲಿಗೆ ಉಪ್ಪು ತಂದಿಟ್ಟ, ಸೌದೆ ತಂದಿಟ್ಟ, ಜೇನು ತಂದಿಟ್ಟ. ಬಾಗಿಲು ತೆರೆಯಲಿಲ್ಲ.

ನಾನು ಎಣಿಸಿದ್ದು ಅವನು ಇನ್ನು ತಡ್ಪೆಯ ಬದಿಗೆ ಬರುತ್ತಾನೆ ಎಂದು. ಆದದ್ದೇ ಬೇರೆ. ಅವನಿಗೆ ಆ ಮುದುಕಿಯ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು. “ಎಂತ ಗೇಮು! ಅವಳಿಗೆ ನಿಜವಾಗಿ ಬೇಸರ ಆಗಿದೆ, ಗೊತ್ತುಂಟಾ?” ಎಂದು ದೋಸ್ತಿಗೆ ಹೇಳುತ್ತಿದ್ದ. ತಮ್ಮ ಸಿಕ್ಕಿದ, ಯುದ್ಧ ಗೆದ್ದ, ಗೇಮು ಮುಗಿಯಿತು. ಅವನ ಬಾಯಲ್ಲಿ ಉಳಿದದ್ದು ಆ ಬಾಗಿಲು. ದಿನಾ ಎದುರಿಗೆ ಇರುವವಳಿಗಿಂತ ಬಾಗಿಲು ಹಾಕಿಕೊಂಡವಳೇ ದೊಡ್ಡವಳಾದಳು.

ಆ ಗೇಮಿನ ಮುಂದಿನ ಭಾಗ ಬರುತ್ತದೆ, ಬರುತ್ತದೆ ಎಂದು ಕಾದು ಕಾದು ಅಪ್ಪು ಡಿಪ್ಲೊಮಾಕ್ಕೆ ಬಂದ, ಚಿನ್ನಿ ಹೈಸ್ಕೂಲಿಗೆ. ನನ್ನ ಕಣ್ಣು ಮಂಜಾಗಿ ಬೀಡಿ ಕಟ್ಟುವುದು ಬಿಟ್ಟೆ. ಅಂತೂ ಬಂತು. ದೊಡ್ಡ ಸಿನಿಮಾ ತೆಗೆಯುವಷ್ಟು ಖರ್ಚು ಮಾಡಿದ್ದಾರಂತೆ. ಅಪ್ಪು ಹಂಪನಕಟ್ಟೆಯ ಮಹಡಿ ಮೇಲಿನ ಅಂಗಡಿಯಿಂದ ಅದನ್ನು ತರುವ ದಿನ ನಾನೂ ಕನ್ನಡಕ ಸರಿಮಾಡಿಸಲು ಜೊತೆಗೆ ಹೋಗಿದ್ದೆ. ವಾಪಸು ಬರುವಾಗ ನಂತೂರಿನಲ್ಲಿ ಲಾರಿಗಳ ನಡುವೆ ಬಸ್ಸು ನಿಂತೇ ಬಿಟ್ಟಿತು. ಅವನು ಡಬ್ಬದ ಹಿಂಬದಿಯ ಚಿತ್ರ ತೋರಿಸಿದ. ಅದೇ ಹೊಳೆ, ಅದೇ ಗಿರಣಿ, ಬಾಗಿಲಲ್ಲಿ ಅವಳೇ.

“ಈ ಸಲ ಮೊದಲು ಹೋಗಿ ಕ್ಷಮೆ ಕೇಳ್ತೇನೆ ಅಜ್ಜಿ,” ಎಂದ.

ಮೀಸೆ ಬಂದ ಹುಡುಗ. ತಾನು ಆಡದ ಮಾತಿಗೆ ಕ್ಷಮೆ ಕೇಳಲು ಇಷ್ಟು ವರ್ಷ ಕಾದಿದ್ದ. ಆಗ ಹೇಳಬೇಕಿತ್ತು. ಬಸ್ಸು ಅಷ್ಟು ಹೊತ್ತು ನಿಂತದ್ದು ಅದಕ್ಕೇ ಏನೋ. ನಾನು ಕಿಟಕಿಯಿಂದ ಲಾರಿಯ ಚಕ್ರ ನೋಡಿದೆ. ಮನಸ್ಸಿನಲ್ಲಿ ಬಂದದ್ದು ಪಶ್ಚಾತ್ತಾಪವಲ್ಲ ಮಕ್ಕಳೇ, ಸುಳ್ಳು ಯಾಕೆ ಬರೆಯಲಿ. ಬಂದದ್ದು, ‘ಮತ್ತೆ ಬಂದಳಲ್ಲ ಇವಳು’ ಎಂಬುದು.

ಮನೆಗೆ ಬಂದು ಹಾಕಿದ. ಅಬ್ಬ, ಏನು ಚೆಂದ! ಹುಲ್ಲಿನ ಎಸಳೆಸಳು ಗಾಳಿಗೆ ಬೇರೆ ಬೇರೆ ಆಡುತ್ತದೆ. ಅವಳ ಕೈಯ ನರ ಕಾಣುತ್ತದೆ. ಅವಳ ಸುಕ್ಕೂ ನನ್ನ ಸುಕ್ಕಿಗಿಂತ ಚೆಂದ. ತಲೆಯ ಮೇಲೆ ಒಂದು ಹಳದಿ ಬಾಣದ ಗುರುತು, ಇವಳ ಹತ್ತಿರ ಬಾ ಎಂದು. ಅಪ್ಪು ಎದುರು ನಿಂತ. ಅವಳು ಹೇಳಿದಳು: ಕಾಡಿನಲ್ಲಿ ಎಂಟು ತೋಳ ಉಂಟು, ಕೊಂದು ಬಾ. ಅವನು ಕೊಂದು ಬಂದ. ಉಪಕಾರವಾಯಿತು, ಈ ಕತ್ತಿ ತೆಗೆದುಕೋ, ಹೋಗಿ ಬಾ ಎಂದಳು. ಮತ್ತೆ ಮಾತಾಡಿಸಿದ. ಹೋಗಿ ಬಾ. ಕ್ಷಮೆ ಕೇಳುವ ಉತ್ತರವೇ ಅಲ್ಲಿ ಇರಲಿಲ್ಲ. ಬಾಗಿಲಿನ ನೆನಪೂ ಅವಳಿಗೆ ಇರಲಿಲ್ಲ. ಕೊನೆಗೆ ಅಪ್ಪು ಬೇಕೆಂದೇ ಮೂರನೆಯದನ್ನು ಒತ್ತಿದ. ಅವಳು ನಕ್ಕು, ಹೋಗಿ ಬಾ ಎಂದಳು.

“ಬೈದರೂ ನಗ್ತಾಳೆ. ಇವಳಿಗೆ ಮಾನ ಉಂಟಾ?” ಅಪ್ಪುವಿನ ದನಿ ಒಡೆದ ಹಾಗಿತ್ತು.

ದೋಸ್ತಿ ಗೋಡೆಗೊರಗಿ ಕೂತಿದ್ದ. “ಹಣವೆಲ್ಲ ಹುಲ್ಲಿಗೆ ಹಾಕಿದ್ದಾರೆ ಮಾರಾಯ. ನಾವು ದನ ಆಗಿದ್ದಿದ್ದರೆ ಮೇಯಬಹುದಿತ್ತು.”

ಚಿನ್ನಿ ಫೋನಿನಲ್ಲಿ ಆ ಗೇಮು ಆಡಿದವರೆಲ್ಲ ಹೇಳಿಕೊಂಡದ್ದನ್ನು ಓದಿದಳು. ಎಲ್ಲರದೂ ಅದೇ ದೂರು. ನೋಡಲು ಚೆಂದ, ಒಳಗೆ ಏನಿಲ್ಲ. ಹಿಂದಿನ ಗೇಮಿನಲ್ಲಿ ಊರೆಂದರೆ ಊರೇ ಇತ್ತು, ಈಗ ಬಾಣದ ಹಿಂದೆ ಓಡುವುದು ಮಾತ್ರ.

ನನಗೆ ಎಷ್ಟು ಖುಷಿ ಆಯಿತು ಗೊತ್ತಾ? ನನ್ನ ಸವತಿ ಸತ್ತ ಹಾಗೆ. ಹೂಂಗುಟ್ಟುವವರು ಬೇಡದ ಕತೆಗಾರ್ತಿ ಅವಳು ಈಗ, ಯಾರು ಕೇಳುತ್ತಾರೆ? ಮರುದಿನ ನೀರುದೋಸೆ ಮಾಡಿ, ಬೆಲ್ಲ ಕಾಯಿ ಇಟ್ಟು, ಅಪ್ಪುವಿನ ಬದಿಗೆ ಕೂತೆ. ಈಗ ನನ್ನ ಸರದಿ ಎಂದು.

“ಕಾಲೇಜಿನ ವರ್ಕ್‌ಶಾಪಿನಲ್ಲಿ ನಾನು ಮಾಡಿದ ಕಬ್ಬಿಣದ ಜಾಬ್ ಕೆಟ್ಟುಹೋಯ್ತು ಅಜ್ಜಿ. ಸರ್ ಎಲ್ಲರ ಎದುರು ಬೈದರು,” ಎಂದ.

“ಹೌದಾ. ಊಟ ಮಾಡಿದ್ಯಾ ಅಲ್ಲಿ?”

“ನಾಳೆ ಪುನಃ ಮಾಡಬೇಕು. ಆಗ್ತದೋ ಇಲ್ಲವೋ.”

“ಆಗ್ತದೆ. ಇನ್ನೊಂದು ದೋಸೆ ಹಾಕಲಾ?”

ಚಿನ್ನಿ ಎದುರಿನಿಂದ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. “ಅಣ್ಣಾ, ನಮ್ಮ ಅಜ್ಜಿಯೂ ಹೊಸ ಗೇಮಿನವಳೇ! ಒಂದು ಒತ್ತು, ಎರಡು ಒತ್ತು, ಮೂರು ಒತ್ತು, ಊಟ ಆಯ್ತಾ!”

ಅಪ್ಪುವೂ ನಕ್ಕ, ದೋಸೆ ಗಂಟಲಿಗೆ ಸಿಕ್ಕುವಷ್ಟು. ತಮಾಷೆಗೆ ಹೇಳಿದ್ದು, ಗೊತ್ತು. ಆದರೆ ನನಗೆ ಹೋಲಿಸಲು ಹಳೆಯ ಗೇಮಿನವಳು ಸಿಗಲಿಲ್ಲವಲ್ಲ, ಈ ಹಲ್ಲುಕಿರಿಯುವವಳೇ ಸಿಕ್ಕಿದಳಲ್ಲ ಎಂದು ಕಣ್ಣು ತುಂಬಿತು. ನಾನು ಎದ್ದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿ ಚಿಲಕ ಹಾಕಿದೆ. ಈ ಮನೆಗೆ ಬಂದ ಮೇಲೆ ಆ ಚಿಲಕ ಹಾಕಿದ್ದು ಅದೇ ಮೊದಲು, ತುಕ್ಕು ಹಿಡಿದು ಅಲ್ಲಾಡಲಿಲ್ಲ, ಗುದ್ದಿ ಹಾಕಿದೆ.

ಹೊರಗೆ ಮೊದಲು ನಗು, ಆಮೇಲೆ ಪಿಸಪಿಸ. ಆಮೇಲೆ ತಟ್ಟಿದ ಸದ್ದು.

“ಅಜ್ಜಿ, ಉಪ್ಪು ತಂದಿದ್ದೇನೆ,” ಅಪ್ಪುವಿನ ದನಿ.



“ಜೇನು ಇಲ್ಲ, ಬೆಲ್ಲ ಉಂಟು,” ಚಿನ್ನಿಯ ದನಿ. “ನಾನು ಹೇಳಿದ್ದು ತಪ್ಪಾಯ್ತು ಮಾರಾಯ್ತಿ, ತೆಗಿ.”

ಮಂಚದ ಮೇಲೆ ಕೂತು ಎಷ್ಟೋ ಹೊತ್ತು ತೆಗೆಯಲಿಲ್ಲ. ಕೋಪದಿಂದ ಅಲ್ಲ. ತಟ್ಟಲಿ ಇನ್ನೂ ಸ್ವಲ್ಪ, ಅವಳ ಬಾಗಿಲಿಗೆ ಎಷ್ಟು ದಿನ ತಟ್ಟಿದ್ದ ಎಂದು ಲೆಕ್ಕ ಇತ್ತು ನನಗೆ. ತೆಗೆದಾಗ ಅಪ್ಪುವಿನ ಕೈಯಲ್ಲಿ ನಿಜವಾಗಿಯೂ ಸ್ಟೀಲಿನ ತಟ್ಟೆಯಲ್ಲಿ ಕಲ್ಲುಪ್ಪು. ನಾನು ಅವನನ್ನು ಒಳಗೆ ಕೂರಿಸಿ ಕೇಳಿದೆ, “ಆ ಜಾಬ್ ಹೇಗೆ ಕೆಟ್ಟಿತು? ಎಂತ ಮಾಡಿದ್ದೆ?” ಅವನು ಕಬ್ಬಿಣ, ಅರ, ಅಳತೆ ಎಂದೆಲ್ಲ ಹೇಳಿದ. ಅರ್ಧ ಅರ್ಥವಾಗಲಿಲ್ಲ. ಆದರೆ ಅವನ ಮುಖವನ್ನು ನೋಡದೆ, ಗೋಡೆ ನೋಡುತ್ತ, ಪ್ರತಿ ಮಾತಿಗೂ ‘ಹೂಂ’ ಎಂದೆ. ನಿಲ್ಲಬೇಕಾದಲ್ಲಿ ಅವನು ನಿಂತ. ಹೇಳಬೇಕಾದಲ್ಲಿ ಮುಂದೆ ಹೇಳಿದ.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ: “ಅಜ್ಜಿ, ಗಿರಣಿಯ ಬಾಗಿಲು ಮುಚ್ಚಿದ ಆ ಭಾನುವಾರ ನೀನು ಮನೆಯಲ್ಲಿಯೇ ಇದ್ದೆ ಅಲ್ಲವಾ? ನಿಜವಾಗಿಯೂ ಚಿನ್ನಿಯೇ ಒತ್ತಿದ್ದಾ?”

“ತೆಂಗಿನಕಾಯಿ ತುರಿಯುತ್ತಿದ್ದೆ,” ಎಂದೆ.

ಅದಕ್ಕೆ ಈ ಹಾಳೆಗಳು. ಒತ್ತಿದವಳು ನಾನು ಅಪ್ಪು. ಚಿನ್ನಿ ಬಚ್ಚಲಲ್ಲಿಯೇ ಇದ್ದಳು, ಅವಳ ದೇವರಾಣೆ ನಿಜ. ಜಡೆ ಎಳೆದದ್ದಕ್ಕೆ ಅವಳಲ್ಲಿ ನೀನು ಕ್ಷಮೆ ಕೇಳು, ಅದಕ್ಕೆ ಉತ್ತರ ಆರಿಸುವ ತೊಂದರೆ ಇಲ್ಲ. ಚಿನ್ನಿ, ನಿನ್ನಲ್ಲಿ ಕೇಳುವುದು ನಾನು. ಆ ಮುದುಕಿಯಲ್ಲಿ ಮಾತ್ರ ನಾನು ಕೇಳುವುದಿಲ್ಲ. ಅವಳಿಗೆ ಬೇಸರ ಮಾಡಿಕೊಳ್ಳಲು ಬರುತ್ತಿತ್ತು ಎಂಬುದನ್ನು ಒಪ್ಪುತ್ತೇನೆ, ಅಷ್ಟೇ.

ಅಪ್ಪು ಆ ಹಳೆಯ ಗೇಮಿನ ಡಿಸ್ಕನ್ನು ಬಿಸ್ಕೆಟಿನ ತಗಡಿನ ಡಬ್ಬದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾನೆ, ಕಪಾಟಿನ ಮೇಲಿನ ಖಾನೆಯಲ್ಲಿ. ಯಾರಿಗೂ ಮುಟ್ಟಲು ಬಿಡುವುದಿಲ್ಲ, ಗೆದ್ದಲೂ ಹತ್ತಲಿಕ್ಕಿಲ್ಲ. ಈ ಹಾಳೆಗಳನ್ನೂ ಅದರಲ್ಲೇ ಇಡಿ. ಆದರೆ ಅವಳ ಅಡಿಯಲ್ಲಿ ಬೇಡ. ಡಬ್ಬ ತೆರೆದರೆ ಮೊದಲು ನಾನು ಸಿಗಬೇಕು.