ಹತ್ತಿ ಬಂದವರಿಗೆ ನೀರು

ಗಲ್ಫಿನ ಖಲೀಫಾ ಸಿಟಿಯಲ್ಲಿ ನಮ್ಮ ಪಕ್ಕದ ವಿಲ್ಲಾದಲ್ಲಿದ್ದ ಇಂಗ್ಲೆಂಡಿನ ಮಾಸ್ತರರು ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಗೇಟಿಗೆ ಯಾರೇ ಬರಲಿ, ಮಾತಿಗೆ ಮೊದಲು ನೀರಿನ ಲೋಟ ಚಾಚುವರು. "ನಮ್ಮೂರಿನ ಸಂತೆ ಬೆಟ್ಟದ ತುದಿಯಲ್ಲಿ. ಅಲ್ಲಿ ಬಾವಿಯಿರಲಿಲ್ಲ, ಹಿಂದೆಲ್ಲ ಕತ್ತೆಗಳ ಮೇಲೆ ನೀರು ತರುತ್ತಿದ್ದರು. ಆದರೂ ಹತ್ತಿ ಬಂದವರಿಗೆ ಮೊದಲು ನೀರು, ಆಮೇಲೆ ವ್ಯಾಪಾರ," ಎನ್ನುವುದು ಅವರ ನಿತ್ಯದ ಮಾತು. ಉಡುಪಿಯಿಂದ ಬಂದಿದ್ದ ನನ್ನಮ್ಮ ಇದನ್ನು ಕೇಳಿ, "ಇವರು ನಮ್ಮವರೇ ಮಾರಾಯ, ಬೆಲ್ಲ ಒಂದು ಇಲ್ಲ ಅಷ್ಟೆ," ಎಂದಿದ್ದರು.

ನಿವೃತ್ತರಾಗಿ ಊರಿಗೆ ಹೋದ ಮಾಸ್ತರರು ಒಮ್ಮೆ ಫೋನ್ ಮಾಡಿದರು. ಸಂತೆ ನಿಂತುಹೋಗಿ, ಆ ಜಾಗದಲ್ಲಿ ಕಾರುಗಳು ನಿಲ್ಲುತ್ತಿದ್ದವಂತೆ. "ಕಾರಿನಲ್ಲಿ ಬಂದವರಿಗೆ ಬಾಯಾರುವುದಿಲ್ಲ," ಎಂದರು.

ಇಲ್ಲಿ ಗ್ಯಾಸ್ ಸಿಲಿಂಡರ್ ತರುವಾತ ಈಗಲೂ ಅವರಿದ್ದ ವಿಲ್ಲಾದ ಗೇಟಿನಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾನೆ. ಹೊಸಬರು ಬಾಗಿಲು ಹಾಕಿಕೊಳ್ಳುತ್ತಾರೆ.