ಸಾರಿನ ಮೇಲಿನ ಎಣ್ಣೆ, ನಕ್ಷತ್ರದೊಳಗಿನ ಕುದಿ

ಕಟ್ಟಿನ ಸಾರು ಕುದಿಯುವಾಗ ಅಡುಗೆಮನೆಗೆ ನುಸುಳಿ ಉರಿ ಸಣ್ಣದು ಮಾಡಿ ಬರುವುದು ನನ್ನ ಹಳೆಯ ಚಾಳಿ. ಸಾರು ಉಕ್ಕಿದರೆ ಬೆಂಕಿ ಆರುತ್ತದೆ, ಆರಿದರೆ ಗ್ಯಾಸ್ ಸೋರುತ್ತದೆ, ಸೋರಿದರೆ ನಮ್ಮ ಇಡೀ ಮಹಾಂತೇಶ ನಗರ ಬಡಾವಣೆಯ ಗತಿಯೇನು ಎಂಬಲ್ಲಿಗೆ ಹೋಗಿ ನನ್ನ ಚಿಂತೆ ನಿಲ್ಲುತ್ತದೆ. ನಿಲ್ಲುತ್ತದೆ ಎಂದದ್ದು ಸುಳ್ಳು. ಅಲ್ಲಿ ಕೊಂಚ ದಣಿವಾರಿಸಿಕೊಳ್ಳುತ್ತದೆ, ಅಷ್ಟೇ.

ಹೊಸ ಶತಮಾನ ಬಂತೆಂದು ಲೋಕ ಸಂಭ್ರಮಿಸುತ್ತಿದ್ದ ಕಳೆದ ವರ್ಷ ನನ್ನ ಚಿಂತೆಗೆ ಹೊಸ ಊರೊಂದು ಸಿಕ್ಕಿತ್ತು: ಗುಂಜಿ. ಭೌತಶಾಸ್ತ್ರ ಓದಿದ ಮಗಳು ವೀಣಾಗೆ ಅಲ್ಲಿಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ದಿನಾ ರೈಲಿನಲ್ಲಿ ಖಾನಾಪುರ ದಾಟಿ ಕಾಡಿನ ಅಂಚಿಗೆ ಒಬ್ಬಳೇ ಹೋಗಬೇಕು. ನಾನು ಬೇಡವೆಂದೆ. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ಕೊನೆಗೆ ಶಾಲೆಯವರಿಗೆ ಉತ್ತರ ಹೇಳಲು ಒಂದೇ ದಿನ ಉಳಿಯಿತು.

ಆ ಮಧ್ಯಾಹ್ನ ನನ್ನ ಕೈ ಒಲೆಯ ಗುಂಡಿಗೆ ಹೋಗುತ್ತಲೇ ಅವಳ ಮೌನ ಮುರಿಯಿತು.

"ಮುಟ್ಟಬ್ಯಾಡ್ರಿ ಅಪ್ಪಾ. ಇಲ್ಲಿ ನೋಡ್ರಿ, ನಕ್ಷತ್ರದ ಹೊಟ್ಟಿ ಹಿಂಗ ಕುದೀತೈತಿ."

ಹೋಳಿಗೆ ಲಟ್ಟಿಸುತ್ತಿದ್ದ ಹೆಂಡತಿ, "ನಿಮ್ಮಪ್ಪನ ಹೊಟ್ಟೀನೂ ಹಂಗ ಐತಿ ತಗೋ," ಎಂದಳು.

ಸೂರ್ಯನಿಗಿಂತ ಭಾರವಾದ ನಕ್ಷತ್ರಗಳ ಒಡಲಾಳದಲ್ಲಿ ಅನಿಲ ಹೀಗೆಯೇ ಮೇಲೆದ್ದು ಕೆಳಗಿಳಿದು ಕುದಿಯುತ್ತದಂತೆ. ಅದರ ಸುತ್ತ, ಸಾರಿನ ಮೇಲಿನ ಕೆಂಪೆಣ್ಣೆಯ ಹಾಗೆ, ಪ್ರಶಾಂತವಾದ ಪದರ. ಮೇಲೆತ್ತುವ ಬಲ ಆ ಗಡಿಯಲ್ಲೇ ಮುಗಿಯುತ್ತದೆ. ಆದರೂ ಏರಿ ಬಂದ ಅನಿಲ ಬಂದ ರಭಸಕ್ಕೇ ಗಡಿ ದಾಟಿ, ತುಸು ಒಳಹೊಕ್ಕು, ಮರಳುವಾಗ ಅಲ್ಲಿಯ ತಾಜಾ ಇಂಧನವನ್ನು ಸೆಳೆದು ತರುತ್ತದೆ. ಎಷ್ಟು ದೂರ ಹೊಕ್ಕೀತೆಂಬುದು ಬಲ್ಲವರಿಗೂ ಇನ್ನೂ ಖಚಿತವಿಲ್ಲ. ಆದರೆ ಆ ಅತಿಕ್ರಮಣದಿಂದಲೇ ನಕ್ಷತ್ರದ ಯೌವನ ಲಕ್ಷೋಪಲಕ್ಷ ವರ್ಷ ಹಿಗ್ಗುತ್ತದೆ.

ನಾನು ಸೌಟು ಹಿಡಿದು ಪಾತ್ರೆಯೊಳಗೆ ಬಗ್ಗಿ ನೋಡಿದೆ, ಗೆಳೆಯರೇ. ಇರುಳೆಲ್ಲ ಮಿಸುಕದಂತೆ ತೋರುವ ಆ ಬೆಳಕಿನ ಹನಿಯೊಳಗೆ ಇಷ್ಟೊಂದು ಕೋಲಾಹಲ! ಉರಿ ಸಣ್ಣದು ಮಾಡುವ ಅಪ್ಪನೊಬ್ಬ ಅಲ್ಲಿದ್ದಿದ್ದರೆ ಎಷ್ಟು ಬೇಗ ಕತ್ತಲಾಗುತ್ತಿತ್ತು!

"ನಾಳಿ ಹೂಂ ಅಂತ ಹೇಳಿಬಿಡವಾ," ಎಂದೆ. "ಮೊದಲನೇ ದಿನ ಮುಂದಿನ ಸ್ಟೇಷನ್ನು ದೇಸೂರ ತನಕ ನಾನೂ ಬರ್ತೀನಿ."

"ದೇಸೂರದಾಗ ಇಳದು ಏನ್ ಮಾಡ್ತೀರಿ?"

"ಚಿಂತಿ ಮಾಡ್ತಾರ," ಎಂದಳು ಹೆಂಡತಿ.

ಈಗ ವೀಣಾ ಸಂಜೆಗೆ ಮರಳಿ, ಚಪ್ಪಲಿಗಂಟಿದ ಕಾಡಿನ ಕೆಮ್ಮಣ್ಣನ್ನು ಹೊಸ್ತಿಲಲ್ಲಿ ಕೊಡಹಿ, ಶಾಲೆಯ ಸುದ್ದಿಯನ್ನೆಲ್ಲ ಮನೆಯೊಳಗೆ ಚೆಲ್ಲುತ್ತಾಳೆ. ಸಾರು ಕುದಿಯುವಾಗ ನನ್ನ ಕೈ ಇನ್ನೂ ಗುಂಡಿಯವರೆಗೆ ಹೋಗುತ್ತದೆ. ಗುಳ್ಳೆಯೊಂದು ಎಣ್ಣೆಯನ್ನು ಸೀಳಿ, ಆ ಕೆಂಪನ್ನು ಒಳಗೆಳೆದುಕೊಳ್ಳುವುದನ್ನು ಕಂಡು ಹಿಂದೆ ಸರಿಯುತ್ತದೆ. ಒಮ್ಮೆ ಸಾರು ಉಕ್ಕಿಯೂ ಉಕ್ಕಿತು. ಮಹಾಂತೇಶ ನಗರ ಇದ್ದಲ್ಲೇ ಇದೆ.